ರಾಜಕೀಯ, ಗಾಲ್ಫ್, ಮನೆ ಮಾತು: ವಾರಕ್ಕೊಂದು ಕಾಗದ ಬರೆಯೋದು ಹೇಗೆ?

"ನಿಮ್ಮ ಹಂಗೆ ನಾನೂ ಬರೀಬೇಕು ಅಂತ ಮಾಡೀನಿ ಸರ್. ಹೆಂಗೆ ಶುರು ಮಾಡೋದು?" ದಾವಣಗೆರೆಯ ಜಯದೇವ ಸರ್ಕಲ್‌ನಲ್ಲಿ ಸಿಕ್ಕವರು, ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವವರು, ಫೋನ್ ಮಾಡುವವರು, ಎಲ್ಲರದ್ದೂ ಇದೇ ಪ್ರಶ್ನೆ. ಅದರ ಬಾಲಕ್ಕೆ ಇನ್ನೊಂದು: "ರಾಜಕೀಯ, ಗಾಲ್ಫು, ಮನೆ ಸಾರು ಎಲ್ಲಾ ಒಂದೇ ಹಾಳೇಲಿ ಹೆಂಗೆ ಕೂರುತ್ತೆ?" ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಹಾಗಾಗಿ ಒಟ್ಟಿಗೇ ಬರೆದಿಡುತ್ತಿದ್ದೇನೆ.

ನಾನು ಮಾಡುವುದು ಇಷ್ಟು. ವಾರಕ್ಕೊಂದು ಕಾಗದ ಬರೆಯುತ್ತೇನೆ. ಎ4 ಹಾಳೆಯ ಎರಡು ಮಗ್ಗುಲು, ಅದಕ್ಕಿಂತ ಒಂದು ಸಾಲೂ ಜಾಸ್ತಿ ಇಲ್ಲ. ಆ ವಾರ ದಾವಣಗೆರೆಯಲ್ಲಿ ಕಣ್ಣಿಗೆ ಬಿದ್ದ ರಾಜಕೀಯ, ಟಿವಿಯಲ್ಲಿ ನೋಡಿದ ಗಾಲ್ಫ್, ಮನೆಯಲ್ಲಿ ನಡೆದ ಮಾತು. ಪರಿಚಯದ ಮೂವತ್ತು ನಲವತ್ತು ಜನಕ್ಕೆ ಕಳಿಸುತ್ತೇನೆ. ದುಡ್ಡು ಬರುವುದಿಲ್ಲ, ಬೈಗುಳ ಆಗಾಗ ಬರುತ್ತದೆ. ನಿಮ್ಮದು ಗಾಲ್ಫ್ ಬದಲು ಕಬಡ್ಡಿಯೋ, ಚೆಸ್ಸೋ, ಹಳೇ ರೇಡಿಯೊ ರಿಪೇರಿಯೋ ಇರಬಹುದು. ಬರೆಯುವ ಕ್ರಮ ಅದೇ.

ಬೇಕಾಗುವ ಸಾಮಾನು

ಜೇಬಿಗೆ ಹೋಗುವಷ್ಟು ಸಣ್ಣ ನೋಟ್‌ಬುಕ್, ಒಂದು ಪೆನ್ನು, ಕನ್ನಡ ಕೀಬೋರ್ಡ್ ಇರುವ ಫೋನ್. ವಾರದಲ್ಲಿ ಮೂರು ಗಂಟೆ, ಅದೂ ಒಟ್ಟಿಗೆ ಬೇಡ, ಮೂರು ಕಂತಿನಲ್ಲಿ ಸಾಕು. ಆಮೇಲೆ ಮುಲಾಜಿಲ್ಲದೆ "ಇದು ಚೆನ್ನಾಗಿಲ್ಲ" ಅನ್ನುವ ಒಬ್ಬ ಮನುಷ್ಯ. ಈ ಕೊನೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ನನಗೆ ಮನೆಯಲ್ಲೇ ಸಿಕ್ಕಿದೆ, ಮದುವೆಯಾದಾಗಿನಿಂದ.

ಹಂತ 1: ಮೂರು ಹೆಸರು ಬರೆದುಕೊಳ್ಳಿ

ಯಾರಿಗಾಗಿ ಬರೆಯುತ್ತೀರಿ ಅನ್ನುವುದು ಮೊದಲು ಗೊತ್ತಿರಬೇಕು. "ಜನರಿಗಾಗಿ" ಅಂದರೆ ಕೆಲಸ ಕೆಟ್ಟಿತು. ಜನರಿಗೆ ಅಂತ ಬರೆಯಲು ಕೂತರೆ ಕೈ ತಾನಾಗೇ ಭಾಷಣ ಬರೆಯುತ್ತದೆ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಮೂರು ಹೆಸರು ಬರೆಯಿರಿ. ಮೂವರೂ ಒಂದೇ ಥರದವರಾಗಿರಬಾರದು.

ನನ್ನ ಮೂವರಲ್ಲಿ ಒಬ್ಬರು ಮೆಕ್ಕೆಜೋಳ ಬೆಳೆಯುವವರು, ರಾಜಕೀಯ ಅರೆದು ಕುಡಿದವರು. ಇನ್ನೊಬ್ಬ ಬೆಂಗಳೂರಿನಲ್ಲಿರುವ ಅಕ್ಕನ ಮಗ. ಊರಿನ ಸುದ್ದಿ ಬೇಕು, ಉಪದೇಶ ಬೇಡ ಅನ್ನುತ್ತಾನೆ. ಮೂರನೆಯವರು ಪಕ್ಕದ ಬೀದಿಯ ರಿಟೈರ್ಡ್ ಟೀಚರ್. ಅವರಿಗೆ ಗಾಲ್ಫ್ ಅಂದರೆ ಶ್ರೀಮಂತರ ಚಿಣ್ಣಿದಾಂಡು. ಈ ಮೂವರಿಗೂ ಅರ್ಥವಾಗಿ, ಮೂವರೂ ಕೊನೆವರೆಗೆ ಓದಿದರೆ ಆ ವಾರದ ಕಾಗದ ಪಾಸು.

ಹಂತ 2: ದಿನಕ್ಕೆ ಐದು ಸಾಲು

ಕಾಗದ ವಾರಕ್ಕೊಂದೇ ಆದರೂ ನೋಟ್‌ಬುಕ್ ಮಾತ್ರ ದಿನಾ. ರಾತ್ರಿ ಮಲಗುವ ಮುಂಚೆ ಐದೇ ಸಾಲು. ಅಭಿಪ್ರಾಯ ಬೇಡ, ಕಂಡಿದ್ದು, ಕೇಳಿದ್ದು, ರೇಟು, ಹೊತ್ತು. "ಮಾರ್ಕೆಟ್‌ನಲ್ಲಿ ಬೆಲೆ ಏರಿದೆ" ಅಂತ ಬರೆಯಬೇಡಿ. ಹಸಿ ಮೆಣಸಿನಕಾಯಿ ಕಾಲು ಕೆಜಿಗೆ ಎಷ್ಟು ಕೊಟ್ಟಿರಿ, ಅಂಗಡಿಯವಳು ಏನೆಂದಳು, ಕೊತ್ತಂಬರಿ ಕೊಸರು ಹಾಕಿದಳೋ ಇಲ್ಲವೋ, ಅದನ್ನು ಬರೆಯಿರಿ. ಮೂರು ತಿಂಗಳ ಮೇಲೆ ಆ ಅಭಿಪ್ರಾಯ ನಿಮಗೇ ಬೇಡವಾಗಿರುತ್ತದೆ. ಮೆಣಸಿನಕಾಯಿ ರೇಟು ಮಾತ್ರ ಅಷ್ಟೇ ಖಾರವಾಗಿರುತ್ತದೆ.

ದಿನಚರಿ ಅಂದರೆ ಸುಮ್ನೆ ಟೈಂಪಾಸ್ ಅಂದುಕೊಂಡವರಿಗೆ ನಮ್ಮ ಸೀಮೆಯದ್ದೇ ಒಂದು ಉದಾಹರಣೆ ಇದೆ. 1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾದಾಗ ಅದರ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು, ಆಮೇಲೆ ಮುಖ್ಯಮಂತ್ರಿಯಾದವರು, 2000ದಲ್ಲಿ ತೀರಿಕೊಂಡರು. ಅವರು ಡೈರಿ ಬರೆಯುತ್ತಿದ್ದರು. ಆ ವರ್ಷ ಇಂದಿರಾ ಗಾಂಧಿಯವರಿಗೂ ಇವರಿಗೂ ನಡುವೆ ಏನೇನಾಯಿತು ಅಂತ ಬರೆಯುವ ಇತಿಹಾಸಕಾರರು ಇವತ್ತಿಗೂ ಆ ಡೈರಿಯ ಸಾಲುಗಳನ್ನು ತೆಗೆದು ನೋಡುತ್ತಾರೆ. ಆಮೇಲೆ ನೆನಪಿನಿಂದ ಬರೆದಿದ್ದಕ್ಕೂ ಅವತ್ತೇ ರಾತ್ರಿ ಬರೆದಿದ್ದಕ್ಕೂ ಅಷ್ಟು ವ್ಯತ್ಯಾಸ. ನಮ್ಮ ನಿಮ್ಮ ಮೆಣಸಿನಕಾಯಿ ರೇಟಿಗೆ ಇತಿಹಾಸಕಾರರು ಬರಲಿಕ್ಕಿಲ್ಲ, ಇರಲಿ.

ಎಚ್ಚರ: ಮೊದಲ ವಾರ ಉತ್ಸಾಹಕ್ಕೆ ದಿನಕ್ಕೆರಡು ಪುಟ ಬರೆದವರು ಎರಡನೇ ವಾರ ನೋಟ್‌ಬುಕ್ ಎಲ್ಲಿಟ್ಟೆ ಅಂತ ಹುಡುಕುತ್ತಿರುತ್ತಾರೆ. ಬರೆಯುವ ಹುಕಿ ಎಷ್ಟೇ ಇದ್ದರೂ ಐದು ಸಾಲಿಗೆ ನಿಲ್ಲಿಸಿ.

ಹಂತ 3: ರಾಜಕೀಯ ನಿಮ್ಮ ಬೀದಿಯಿಂದ ಶುರುವಾಗಲಿ

ಜಾಸ್ತಿ ಜನ ಜಾರಿ ಬೀಳುವ ಜಾಗ ಇದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ದೆಹಲಿಯ ರಾಜಕೀಯದ ಬಗ್ಗೆ ನಿಮಗೂ ನನಗೂ ಗೊತ್ತಿರುವುದು ಟಿವಿಯವರು ಹೇಳಿದ್ದು. ಅದನ್ನೇ ಮತ್ತೆ ಬರೆದರೆ ಓದುವವರಿಗೆ ಎರಡನೇ ಸಲ ಕುದಿಸಿದ ಚಹಾ ಕೊಟ್ಟಂತೆ. ನಿಮ್ಮ ವಾರ್ಡಿನ ವಿಷಯ ಹಾಗಲ್ಲ. ದಾವಣಗೆರೆ ಮಹಾನಗರ ಪಾಲಿಕೆಗೆ 45 ವಾರ್ಡ್. ನಿಮ್ಮ ವಾರ್ಡಿನಲ್ಲಿ ಯಾವ ದೀಪ ಉರಿಯುತ್ತದೆ, ಯಾವುದು ಉರಿಯಲ್ಲ ಅನ್ನುವುದು ಟಿವಿ ಸ್ಟುಡಿಯೊದಲ್ಲಿ ಕೂತವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಮೊದಲ ಆರು ತಿಂಗಳು ವಾರ್ಡ್ ದಾಟಬೇಡಿ.

ಮಾಹಿತಿ ಎಲ್ಲಿಂದ? ಕಟ್ಟೆ ಮಾತು ಕೇಳಿ, ಖಂಡಿತ ಕೇಳಿ. ಆದರೆ ಕಾಗದಕ್ಕೆ ಹಾಕುವ ಮುಂಚೆ ದಾಖಲೆ ನೋಡಿ. ಮೂರು ದಾಖಲೆ ಯಾರ ಕೈಗಾದರೂ ಸಿಗುತ್ತವೆ.

ಒಂದು, ಅಭ್ಯರ್ಥಿಯ ಪ್ರಮಾಣಪತ್ರ. ವಿಧಾನಸಭೆಗೋ ಲೋಕಸಭೆಗೋ ನಿಲ್ಲುವವರು ತಮ್ಮ ಆಸ್ತಿ, ಸಾಲ, ಓದು, ಮೇಲಿರುವ ಕೇಸು ಎಲ್ಲವನ್ನೂ ನಮೂನೆ 26ರಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ನೋಡಬಹುದು. "ಅವರ ಹತ್ರ ಕೋಟಿಗಟ್ಟಲೆ ಐತಂತೆ" ಅಂತ ಬರೆಯುವ ಬದಲು ಅವರೇ ಸಹಿ ಹಾಕಿದ ಅಂಕಿ ಬರೆಯಿರಿ.

ಎರಡು, ನಮೂನೆ 20. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ವೋಟು ಬಿತ್ತು ಅನ್ನುವ ಪಟ್ಟಿ. ಕಟ್ಟೆ ಮೇಲಿನ ಅರ್ಧ ಜಗಳ ಇದೊಂದು ಹಾಳೆಯಿಂದ ಮುಗಿಯುತ್ತದೆ. ಉಳಿದರ್ಧ ಯಾವುದರಿಂದಲೂ ಮುಗಿಯಲ್ಲ.

ಮೂರು, ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಕೊಟ್ಟರೂ ನಡೆಯುತ್ತದೆ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಹಲವರು ಇದಕ್ಕೆ ಗೊಣಗುತ್ತಾರೆ. ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ನಾನು ಕಂಡಿಲ್ಲ. "ನಮ್ಮ ರಸ್ತೆ ಯಾಕೆ ಹೀಗಿದೆ?" ಅಂತ ಕೇಳಿದರೆ ಉತ್ತರ ಬರಲ್ಲ. "ಇಂಥ ರಸ್ತೆಗೆ ಇಂಥ ವರ್ಷ ಮಂಜೂರಾದ ಮೊತ್ತ ಎಷ್ಟು, ಖರ್ಚಾದದ್ದು ಎಷ್ಟು, ಕೆಲಸ ಮುಗಿದ ದಿನಾಂಕ ಯಾವುದು, ದಾಖಲೆಯ ಪ್ರತಿ ಕೊಡಿ" ಅಂತ ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಪ್ರಶ್ನೆ ಕೇಳುವುದಕ್ಕೂ ದಾಖಲೆ ಕೇಳುವುದಕ್ಕೂ ಇರುವ ವ್ಯತ್ಯಾಸ ಕೈಗೆ ಹತ್ತಿದರೆ ನಿಮ್ಮ ಬರಹವೂ ತಾನಾಗೇ ಗಟ್ಟಿಯಾಗುತ್ತದೆ.

ಭಾಷೆ ಬಗ್ಗೆ ಒಂದು ಮಾತು. ರಾಜಕೀಯ ಬರೆಯಲು ಕೂತ ಕೂಡಲೇ ಕೆಲವರ ಕನ್ನಡ ಪಂಚೆ ಬಿಚ್ಚಿ ಕೋಟು ಹಾಕಿಕೊಳ್ಳುತ್ತದೆ. "ಪ್ರಸ್ತುತ ವಿದ್ಯಮಾನಗಳ ಹಿನ್ನೆಲೆಯಲ್ಲಿ" ಅಂತ ಶುರುವಾಗುತ್ತದೆ. ಬೇಡ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲ್ 1967ರಲ್ಲಿ ಗೆದ್ದು ಹೋಗಿ ಲೋಕಸಭೆಯಲ್ಲೇ ಕನ್ನಡದಲ್ಲಿ ಮಾತಾಡಿದವರು. ಮುಂದೆ ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಗಿದ್ದು. ಲೋಕಸಭೆಯಲ್ಲಿ ನಡೆದ ಕನ್ನಡ ನಿಮ್ಮ ಎ4 ಹಾಳೆಯಲ್ಲಿ ನಡೆಯಲ್ವಾ?

ಹಂತ 4: ಆಟದ ಮಾತು, ಆಟ ಗೊತ್ತಿಲ್ಲದವರಿಗೆ

ನಾನು ಗಾಲ್ಫ್ ಕೋಲು ಹಿಡಿದದ್ದು ಕೆಲಸದ ಮೇಲೆ ಚಿಕ್ಕಮಗಳೂರಿನಲ್ಲಿದ್ದಾಗ. ಈಗ ನೋಡುವುದೇ ಜಾಸ್ತಿ. ನನ್ನ ಓದುಗರಲ್ಲಿ ಮುಕ್ಕಾಲು ಪಾಲು ಜನ ಗಾಲ್ಫ್ ಮೈದಾನದ ಹುಲ್ಲು ತುಳಿದವರಲ್ಲ. ಅಂಥವರಿಗೆ ಆಟ ಮುಟ್ಟಿಸುವುದು ಹೇಗೆ? ಒಂದು ಕಾಗದಕ್ಕೆ ಒಂದೇ ಹೊಸ ಪದ. ಎರಡನೆಯದು ಬಂದರೆ ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ನಾನು ಹಾಗೆ ಒಂದೊಂದೇ ಬಿಡಿಸಿದ ಪದಗಳು ಇವು:

ಪಾರ್: ಒಂದು ಕುಳಿಗೆ ಚೆಂಡು ಹಾಕಲು ನುರಿತ ಆಟಗಾರನಿಗೆ ಇಷ್ಟು ಹೊಡೆತ ಸಾಕು ಅಂತ ಗೊತ್ತು ಮಾಡಿದ ಲೆಕ್ಕ. ಸಾಮಾನ್ಯವಾಗಿ 3, 4 ಇಲ್ಲವೇ 5. ಪೂರ್ತಿ ಆಟಕ್ಕೆ 18 ಕುಳಿ.

ಬರ್ಡಿ, ಬೋಗಿ: ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ, ಒಂದು ಜಾಸ್ತಿಯಾದರೆ ಬೋಗಿ. ಗಾಲ್ಫ್‌ನಲ್ಲಿ ಕಡಿಮೆ ಹೊಡೆದವನೇ ಗೆದ್ದಂತೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದನ್ನು ಮೂರು ಸಲ ಹೇಳಬೇಕಾಗುತ್ತದೆ.

ಹ್ಯಾಂಡಿಕ್ಯಾಪ್: ಕಚ್ಚಾ ಆಟಗಾರನಿಗೆ ಲೆಕ್ಕದಲ್ಲಿ ಕೊಡುವ ರಿಯಾಯಿತಿ. ಈಗಿನ ವ್ಯವಸ್ಥೆಯಲ್ಲಿ ಗರಿಷ್ಠ 54. ಇದರಿಂದ ಅಪ್ಪ ಮಗ, ಹೊಸಬ ಹಳಬ ಒಂದೇ ಪಂದ್ಯ ಆಡಬಹುದು.

ಮುಲ್ಲಿಗನ್: ಮೊದಲ ಹೊಡೆತ ಕೆಟ್ಟಾಗ "ಇದು ಲೆಕ್ಕಕ್ಕಿಲ್ಲ" ಅಂತ ಇನ್ನೊಂದು ಹೊಡೆಯುವುದು. ಗೆಳೆಯರ ಆಟದಲ್ಲಿ ನಡೆಯುತ್ತದೆ, ನಿಯಮದಲ್ಲಿ ಇಲ್ಲ. ರಾಜಕೀಯ ಬರೆಯುವವರಿಗೆ ಈ ಪದ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಟದ ಸುದ್ದಿಯನ್ನೂ ಮನೆ ಬಾಗಿಲಿನಿಂದಲೇ ಒಳಗೆ ತನ್ನಿ. ಏಪ್ರಿಲ್‌ನಲ್ಲಿ ಅಮೆರಿಕದ ಅಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನದ ಆಟ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಸುಮಾರು ನಾಲ್ಕೂವರೆ. ಹಾಲಿನವನ ಸೈಕಲ್ ಬೆಲ್ಲು, ಪಕ್ಕದ ಮನೆಯವರ ಸುಪ್ರಭಾತ, ಟಿವಿಯಲ್ಲಿ ಜಾರ್ಜಿಯಾದ ಸಂಜೆ ಬಿಸಿಲು. ಗೆದ್ದವನ ಸ್ಕೋರು ಎಲ್ಲಾ ಪೇಪರಿನಲ್ಲೂ ಬರುತ್ತದೆ. ಹಾಲಿನವನ ಬೆಲ್ಲು ನಿಮ್ಮ ಕಾಗದದಲ್ಲಿ ಮಾತ್ರ ಬರುತ್ತದೆ.

ಆಟ ಗೊತ್ತಿಲ್ಲದವರೂ ಗಾಲ್ಫ್ ನೋಡಿದ ಒಂದು ದಿನ ಇದೆ. 2021ರ ಆಗಸ್ಟ್ 7. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದರು. ಬೆಳಿಗ್ಗೆ ಬೆಳಿಗ್ಗೆ ಟಿವಿ ಮುಂದೆ ಕೂತವರು "ಪಾರ್ ಅಂದ್ರೇನ್ರಿ?" ಅಂತ ನನಗೆ ಫೋನ್ ಮಾಡಿದ್ದೇ ಮಾಡಿದ್ದು. ಕೊನೆಗೆ ನಾಲ್ಕನೇ ಸ್ಥಾನ, ಕಂಚಿಗೆ ಒಂದೇ ಒಂದು ಹೊಡೆತ ದೂರ. ಅವತ್ತೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು, ಬೆಳಗಿನ ಆಟವನ್ನು ಊರು ಮರೆಯಿತು. ಅಂಥ ದಿನ ಕಾಗದ ಬರೆಯುವವರು ಬೆಳಗಿನ ಆಟವನ್ನು ಹಿಡಿಯಬೇಕು. ಚಿನ್ನದ ಬಗ್ಗೆ ಬರೆಯಲು ಬೇಕಾದಷ್ಟು ಜನ ಇರುತ್ತಾರೆ.

ಹಂತ 5: ಮನೆ ಮಾತಿಗೆ ಮನೆಯವರನ್ನು ಕೇಳಿ

ಇದಕ್ಕೆ ಒಂದೇ ನಿಯಮ. ಮನೆಯವರ ಬಗ್ಗೆ ಬರೆದಿದ್ದನ್ನು ಕಳಿಸುವ ಮುಂಚೆ ಅವರಿಗೆ ಓದಿ ಹೇಳಿ. ಬೇಡ ಅಂದರೆ ತೆಗೆಯಿರಿ, ವಾದ ಮಾಡಬೇಡಿ.

ಶುರುವಿನಲ್ಲಿ ಒಂದು ತಪ್ಪು ಮಾಡಿದ್ದೆ. ನೆಂಟರೊಬ್ಬರ ಸಾಲದ ಕಥೆಯನ್ನು ಹೆಸರು ಬದಲಿಸಿ ಬರೆದೆ. ಹೆಸರು ಬದಲಿಸಿದ್ದೆ, ಅವರ ಸ್ಕೂಟರಿನ ಬಣ್ಣ ಬದಲಿಸಿರಲಿಲ್ಲ. ಮುಂದಿನ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಎದುರಿಗೇ ಕೂತರು, ಮಾತಾಡಲಿಲ್ಲ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಕಾಯಿಲೆ, ಸಾಲ, ಮದುವೆ ಮಾತುಕತೆ, ಮಕ್ಕಳ ಮಾರ್ಕ್ಸು, ಈ ನಾಲ್ಕನ್ನು ಅವತ್ತಿನಿಂದ ಮುಟ್ಟಿಲ್ಲ.

ಹಂತ 6: ಮೂರನ್ನೂ ಒಂದೇ ದಾರಕ್ಕೆ ಪೋಣಿಸುವುದು

ಎಲ್ಲರೂ ಕೇಳುವ ಪ್ರಶ್ನೆ ಇದೇ. ರಾಜಕೀಯಕ್ಕೆ ಒಂದು ಭಾಗ, ಗಾಲ್ಫ್‌ಗೆ ಒಂದು, ಮನೆಗೆ ಒಂದು ಅಂತ ಮೂರು ಪಾಲು ಮಾಡಬೇಡಿ. ಮಾಡಿದರೆ ಪ್ರತಿಯೊಬ್ಬರೂ ತಮ್ಮ ಪಾಲು ಓದಿ ಉಳಿದದ್ದು ಬಿಡುತ್ತಾರೆ. ಆ ವಾರದ ನೋಟ್‌ಬುಕ್ಕಿನ ಮೂವತ್ತೈದು ಸಾಲು ತೆಗೆದು ಓದಿ. ಕಣ್ಣು ಎಲ್ಲಿ ನಿಲ್ಲುತ್ತದೋ ಆ ಒಂದು ವಸ್ತುವನ್ನು ಹಿಡಿಯಿರಿ. ವಿಷಯ ಬೇಡ, ಕೈಗೆ ಸಿಗುವ ವಸ್ತು. ಅದು ಯಾವಾಗಲೂ ಮನೆಯ ಹತ್ತಿರದ್ದೇ ಆಗಿರುತ್ತದೆ. ಉಳಿದೆರಡು ಅದರ ಮೇಲೆ ಬಂದು ಕೂರಲಿ.

ಹೇಳಿದರೆ ಸಾಲದು, ತೋರಿಸುತ್ತೇನೆ. ಒಂದು ಸಲ ನಾನು ಮೊದಲು ಬರೆದಿದ್ದು ಹೀಗಿತ್ತು: "ನಗರದಲ್ಲಿ ರಸ್ತೆಗಳ ದುಃಸ್ಥಿತಿ ಹೇಳತೀರದಾಗಿದೆ. ಜನಪ್ರತಿನಿಧಿಗಳು ಇತ್ತ ಗಮನ ಹರಿಸಬೇಕಿದೆ." ಮನೆಯಾಕೆ ಓದಿ, "ಇದನ್ನ ಯಾರು ಬೇಕಾದ್ರೂ ಬರೀತಾರೆ. ನೀವ್ಯಾಕೆ ಬರೀಬೇಕು?" ಅಂದಳು. ಹಾಳೆ ಹರಿದು ಮತ್ತೆ ಬರೆದದ್ದು ಇದು:

"ಸೋಮವಾರ ನಮ್ಮ ಮನೆ ಮುಂದೆ ರಸ್ತೆ ಅಗೆದರು. ಪೈಪಿಗೋ ಕೇಬಲ್ಲಿಗೋ ಗೊತ್ತಿಲ್ಲ, ಅಗೆಯುವವರಿಗೂ ಗೊತ್ತಿರಲಿಲ್ಲ. ಗುರುವಾರ ನೋಡಿದರೆ ಗುಂಡಿ ಹಾಗೇ ಇತ್ತು, ಪಕ್ಕಕ್ಕೆ ಸುರಿದಿದ್ದ ಮರಳು ಮಾತ್ರ ಅರ್ಧ ಆಗಿತ್ತು. ತರಕಾರಿ ಗಾಡಿಯವನು ಗುಂಡಿಯ ಆಚೆ ನಿಂತು ಕೂಗುತ್ತಾನೆ, ಇವಳು ಈಚೆಯಿಂದ ಚೀಲ ಎಸೆಯುತ್ತಾಳೆ. ಗಾಲ್ಫ್‌ನಲ್ಲಿ ಮರಳುಗುಂಡಿಗೆ ಬಂಕರ್ ಅನ್ನುತ್ತಾರೆ. ಚೆಂಡು ಅದರಲ್ಲಿ ಬಿದ್ದರೆ ಮರಳು ಮೆತ್ತಗಿದೆಯೋ ಗಟ್ಟಿಯಿದೆಯೋ ಅಂತ ಕೋಲಿನಿಂದ ಮುಟ್ಟಿ ನೋಡುವ ಹಾಗಿಲ್ಲ. ಬೀಳಿಸಿದವನೇ ಹೊಡೆದು ಹೊರಗೆ ತರಬೇಕು. ನಮ್ಮ ಬೀದಿಯ ಬಂಕರ್‌ಗೆ ಬೀಳುವವರು ನಾವು. ಹೊಡೆಯಬೇಕಾದವರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ. ಶುಕ್ರವಾರ ವೋಟು ಕೇಳಲು ಬಂದವರೊಬ್ಬರು ಗುಂಡಿ ಸುತ್ತಿಕೊಂಡು ಬಂದು ಕೈ ಮುಗಿದರು. ಗುಂಡಿ ಬಗ್ಗೆ ಏನೂ ಹೇಳಲಿಲ್ಲ. ಹೋಗುವಾಗ ಚಪ್ಪಲಿ ನೋಡಿಕೊಂಡರು."

ಇದರಲ್ಲಿ ರಾಜಕೀಯ ಇದೆ, ಗಾಲ್ಫ್ ಇದೆ, ತರಕಾರಿ ಚೀಲವೂ ಇದೆ. ಬೈದಿಲ್ಲ, ಹೆಸರೂ ಹೇಳಿಲ್ಲ. ಹೊಸ ಪದ ಒಂದೇ: ಬಂಕರ್. ಆ ಚಪ್ಪಲಿ ನನ್ನ ಕಲ್ಪನೆಯಲ್ಲ, ನೋಟ್‌ಬುಕ್ಕಿನ ಐದು ಸಾಲಿನಲ್ಲಿ ಇತ್ತು. ಇಲ್ಲದಿದ್ದರೆ ಶನಿವಾರದ ಹೊತ್ತಿಗೆ ಮರೆತೇ ಹೋಗುತ್ತಿತ್ತು.

ಎಚ್ಚರ: ಹೋಲಿಕೆ ಒಂದು ಕಾಗದಕ್ಕೆ ಒಂದು ಸಾಕು. ಮುಂದಿನ ವಾರ ಚರಂಡಿಯನ್ನೂ ಗಾಲ್ಫ್‌ಗೆ ಹೋಲಿಸಿದರೆ ಓದುಗರು ಕೋಲು ಹಿಡಿದು ಬರುತ್ತಾರೆ.

ಹಂತ 7: ಟೈಪಿಂಗ್

ಕೈಬರಹದಲ್ಲೇ ಝೆರಾಕ್ಸ್ ಮಾಡಿಸಿ ಕೊಡುವವರೂ ಇದ್ದಾರೆ, ಅದೂ ಚೆಂದವೇ. ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ. ಯೂನಿಕೋಡ್ ಅಂದರೆ ಯಾವ ಫೋನ್, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ. ನುಡಿ, ಬರಹ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಫೋನಿಗೆ ಕಳಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ. ಡಿಟಿಪಿ ಅಂಗಡಿಯಲ್ಲಿ ಮಾಡಿಸುವುದಾದರೆ "ಯೂನಿಕೋಡ್‌ನಲ್ಲಿ ಮಾಡಿಕೊಡಿ" ಅಂತ ಮೊದಲೇ ಹೇಳಿ.

ಫೋನಿಗೆ ಬಾಯಲ್ಲಿ ಹೇಳಿ ಬರೆಸುವುದು ಸುಲಭ. ವಯಸ್ಸಾದವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಕಣ್ಣಿಟ್ಟು ಓದಬೇಕು. ನಾನು ಬರ್ಡಿ ಅಂದರೆ ಅದು ಬರ್ಫಿ ಅಂತ ಬರೆದಿತ್ತು. ಟೀಚರ್ ಫೋನ್ ಮಾಡಿ, "ಗಾಲ್ಫ್‌ನಲ್ಲಿ ಸ್ವೀಟ್ ಕೊಡ್ತಾರೇನ್ರಿ?" ಅಂತ ಕೇಳಿದರು.

ಹಂತ 8: ಸಹಿ ಹಾಕುವ ಮುಂಚೆ ಲೆಕ್ಕ ನೋಡಿ

ಗಾಲ್ಫ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ಆಟಗಾರನ ಸ್ಕೋರನ್ನು ಜೊತೆಗಾರ ಬರೆಯುತ್ತಾನೆ, ಆದರೆ ಸಹಿ ಹಾಕುವವನು ಆಟಗಾರ. ಸಹಿ ಹಾಕಿ ಕೊಟ್ಟ ಮೇಲೆ ಜವಾಬ್ದಾರಿ ಅವನದ್ದೇ. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೇ ಕುಳಿಯಲ್ಲಿ ಮೂರೇ ಹೊಡೆತದಲ್ಲಿ ಚೆಂಡು ಹಾಕಿದರು. ಸಾವಿರಾರು ಜನ ಕಣ್ಣಾರೆ ನೋಡಿದರು. ಜೊತೆಗಾರ ಕಾರ್ಡಿನಲ್ಲಿ ನಾಲ್ಕು ಅಂತ ಬರೆದಿದ್ದ. ಇವರು ನೋಡದೆ ಸಹಿ ಹಾಕಿದರು. ನಾಲ್ಕೇ ಖಾಯಂ ಆಯಿತು. ಆ ಒಂದು ಹೊಡೆತದಿಂದ ಅವರಿಗೆ ಪ್ಲೇ ಆಫ್ ತಪ್ಪಿತು, ಬಾಬ್ ಗೋಲ್ಬಿ ಗೆದ್ದರು. ಪ್ಲೇ ಆಫ್ ಅಂದರೆ ಸಮ ಬಂದಾಗ ಮತ್ತೆ ಆಡಿಸುವ ಪಂದ್ಯ. ಅವತ್ತು ಡಿ ವಿಸೆಂಜೊ ಅವರ ಹುಟ್ಟುಹಬ್ಬ ಬೇರೆ.

ಬರೆದು ಮುಗಿಸಿದ ಮೇಲೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬರೀ ಅಂಕಿ ಮತ್ತು ಹೆಸರುಗಳ ಕೆಳಗೆ ಗೆರೆ ಎಳೆಯಿರಿ. ಒಂದೊಂದಕ್ಕೂ "ಇದು ಎಲ್ಲಿಂದ ಬಂತು?" ಅಂತ ಕೇಳಿಕೊಳ್ಳಿ. ಉತ್ತರ "ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು" ಅಂತಾದರೆ ಹೊಡೆದು ಹಾಕಿ. ಚುನಾವಣೆ ಹೊತ್ತಿನಲ್ಲಿ ಫೋಟೊ, ವಿಡಿಯೊ ಕೂಡ ನಂಬುವ ಹಾಗಿಲ್ಲ. ಬಾಯಿ ಒಬ್ಬರದ್ದು, ಮಾತು ಇನ್ನೊಬ್ಬರದ್ದು ಇರುತ್ತದೆ.

ಹಂತ 9: ಕಾನೂನಿನ ಗೆರೆ

ಬೇಸರ ತರಿಸುವ ಭಾಗ, ಆದರೂ ಬಿಡಬೇಡಿ.

ಮಾನಹಾನಿ: ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356. ಎರಡು ವರ್ಷದವರೆಗೆ ಸಾದಾ ಜೈಲು, ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. "ನಾನು ಬರೆದಿದ್ದು ನಿಜ" ಅಂದರಷ್ಟೇ ಸಾಲದು. ಅದು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಅಂತಲೂ ಆಗಬೇಕು. ನಲವತ್ತೇ ಜನಕ್ಕೆ ಕಳಿಸಿದ್ದು ಅನ್ನುವುದೂ ನೆಪವಾಗುವುದಿಲ್ಲ. ಒಬ್ಬರು ಮಾಡಿದ ಕೆಲಸದ ಬಗ್ಗೆ ಬರೆಯಿರಿ, ಅವರ ಜಾತಿ, ಮನೆ, ಹೆಂಡತಿ ಮಕ್ಕಳ ಬಗ್ಗೆ ಬೇಡ.

ಸರ್ಕಾರಿ ನೌಕರಿ: ನೀವಿನ್ನೂ ನೌಕರಿಯಲ್ಲಿದ್ದರೆ ನಡತೆ ನಿಯಮಗಳು ಅನ್ವಯಿಸುತ್ತವೆ. ಸರ್ಕಾರದ ನೀತಿಯನ್ನು ಟೀಕಿಸಿ ಬರೆಯುವುದಕ್ಕೆ ಅಡ್ಡಿ ಇದೆ. ಅಂಥವರು ರಿಟೈರ್ ಆಗುವವರೆಗೆ ಗಾಲ್ಫ್ ಮತ್ತು ಮನೆ ಮಾತಿಗೆ ನಿಲ್ಲಿಸಿ. ನೋಟ್‌ಬುಕ್ ಮಾತ್ರ ತುಂಬಿಸುತ್ತಿರಿ.

ಪತ್ರಿಕೆಯ ವೇಷ ಬೇಡ: ಸಾರ್ವಜನಿಕರಿಗಾಗಿ ಸುದ್ದಿ, ಸುದ್ದಿಯ ವಿಮರ್ಶೆ ಹಾಕಿ ಕಾಲಕಾಲಕ್ಕೆ ಮುದ್ರಿಸಿ ಹಂಚುವ ಪತ್ರಿಕೆಗೆ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯಡಿ ನೋಂದಣಿ ಬೇಕು. ನಮ್ಮದು ಪರಿಚಯದವರಿಗೆ ಬರೆಯುವ ಕಾಗದ. ಮೇಲೆ ದೊಡ್ಡ ಹೆಸರು, ಸಂಪಾದಕರು, ಸಂಚಿಕೆ ಸಂಖ್ಯೆ, ಬೆಲೆ ಅಂತ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಹಂಚಲು ಹೋಗಬೇಡಿ. ಅಷ್ಟು ಆಸೆ ಇದ್ದರೆ ಮೊದಲು ವಕೀಲರ ಹತ್ತಿರ ಹೋಗಿ.

ಹಂತ 10: ಕಳಿಸುವುದು

ವಾಟ್ಸ್‌ಆ್ಯಪ್‌ನಲ್ಲಿ ಗುಂಪು ಮಾಡಬೇಡಿ. ಗುಂಪು ಮಾಡಿದರೆ ನಿಮ್ಮ ಕಾಗದದ ಕೆಳಗೆ ಗುಡ್ ಮಾರ್ನಿಂಗ್ ಹೂವು, ಅದರ ಕೆಳಗೆ ಎರಡು ಪಕ್ಷದವರ ಜಗಳ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದೇ ಸಲಕ್ಕೆ ಎಲ್ಲರಿಗೂ ಹೋಗುತ್ತದೆ, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬಂದಂತೆ ಕಾಣುತ್ತದೆ. ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಒಂದು ಲಿಸ್ಟಿಗೆ 256 ಜನರವರೆಗೆ ಹಿಡಿಸುತ್ತದೆ. ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು, ಇಲ್ಲದಿದ್ದರೆ ತಲುಪಲ್ಲ. "ನನಗೆ ಬಂದೇ ಇಲ್ಲ" ಅನ್ನುವವರ ಪೈಕಿ ಹತ್ತಕ್ಕೆ ಒಂಬತ್ತು ಜನರದ್ದು ಇದೇ ಕಥೆ.

ಫೋನ್ ಬೇಡ ಅನ್ನುವ ಹಿರಿಯರಿಗೆ ಅಂಚೆಯಲ್ಲಿ ಹಾಕಿ. ಮಾಮೂಲಿ ಎ4 ಹಾಳೆ ಐದು ಗ್ರಾಂ ತೂಗುತ್ತದೆ. ಕವರ್ ಸೇರಿದರೂ 20 ಗ್ರಾಂ ದಾಟಲ್ಲ, ಹಾಗಾಗಿ ಅಂಚೆ ಖರ್ಚು ಜಾಸ್ತಿ ಆಗಲ್ಲ. ಕೇಳದೆ ಯಾರನ್ನೂ ಪಟ್ಟಿಗೆ ಸೇರಿಸಬೇಡಿ. ಬೇಡ ಅಂದವರನ್ನು ಕಾರಣ ಕೇಳದೆ ತೆಗೆಯಿರಿ.

ಒಂದು ದಿನ ಗೊತ್ತು ಮಾಡಿಕೊಳ್ಳಿ. ನನ್ನದು ಭಾನುವಾರ ಬೆಳಿಗ್ಗೆ, ಬೆಣ್ಣೆದೋಸೆ ತಿಂದು ಬಂದ ಮೇಲೆ. ಖಾಲಿ ಹೊಟ್ಟೆಯಲ್ಲಿ ರಾಜಕೀಯ ಓದಿದರೆ ಸಿಟ್ಟು ಜಾಸ್ತಿ ಅಂತ ನನ್ನ ನಂಬಿಕೆ, ಓದುಗರೂ ಅಷ್ಟೊತ್ತಿಗೆ ತಿಂಡಿ ಮುಗಿಸಿರುತ್ತಾರೆ. ಒಂದು ವಾರ ತಪ್ಪಿದರೆ ತಪ್ಪಲಿ. ಮುಂದಿನ ವಾರ "ಕೆಲಸದ ಒತ್ತಡದಿಂದ" ಅಂತ ಅರ್ಧ ಪುಟ ಕ್ಷಮೆ ಬರೆಯಬೇಡಿ, ನೇರ ವಿಷಯಕ್ಕೆ ಬನ್ನಿ. ಯಾರೂ ಕಾದಿರುವುದಿಲ್ಲ. ಕಾದಿದ್ದವರು ಫೋನ್ ಮಾಡಿಯೇ ಇರುತ್ತಾರೆ.

ತಪ್ಪು ತೋರಿಸಿದವರು ಇದ್ದರೆ ಮುಂದಿನ ಕಾಗದದ ಮೊದಲ ಸಾಲಿನಲ್ಲೇ ತಿದ್ದುಪಡಿ ಹಾಕಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ. ಬರ್ಫಿಯ ತಿದ್ದುಪಡಿ ಹಾಗೇ ಹಾಕಿದ್ದೆ. ಆ ವಾರ ಎಂದೂ ಉತ್ತರ ಬರೆಯದಿದ್ದ ಆರು ಜನ ಬರೆದರು, ಅದರಲ್ಲಿ ನಾಲ್ವರು ಬರ್ಫಿ ಎಲ್ಲಿ ಅಂತ ಕೇಳಿದ್ದರು.